ನೆಮ್ಮದಿಗೆಡಿಸುವ ಕಥೆ

ಕಥೆ ಎಂದೊಡನೆ ನಾವು ಸಾಮಾನ್ಯವಾಗಿ ಸಂತೋಷವನ್ನು ನಿರೀಕ್ಷಿಸುತ್ತೇವೆ. ದುಃಖದ ಕಥೆಯಾದರೂ ಎರಡು ಹನಿ ಕಣ್ಣೀರು ಸುರಿಸಿ ಮನಸ್ಸನ್ನು ಹಗುರ ಮಾಡಿಕೊಳ್ಳುತ್ತೇವೆ. ಆದರೆ ಅಳುವುದಕ್ಕೂ ಎಡೆಗೊಡದೆ, ಓದಿದವರ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಡುವ ಕಥೆಗಳೂ ಉಂಟು. ಇಂತಹವನ್ನು ಎಳೆಯರ ಕೈಗೆ ಕೊಡಬಾರದೆಂಬುದು ಕೆಲವು ಹಿರಿಯರ ಅಭಿಪ್ರಾಯ. ಈ ಮಾತು ನನಗೆ ಸಮ್ಮತವಲ್ಲ. ಒಂದು ಕಥೆಯನ್ನು ಮುಂದಿಟ್ಟುಕೊಂಡೇ ವಿಚಾರ ಮಾಡೋಣ.

ಪ್ರೇಮಚಂದರು ತೀರಿಕೊಂಡದ್ದು 1936ರಲ್ಲಿ. ಅದೇ ವರ್ಷ ಹಿಂದಿಯಲ್ಲಿ ಪ್ರಕಟವಾದ ಅವರ ಕಥೆ ‘ಕಫನ್’. ಕಫನ್ ಎಂದರೆ ಶವಕ್ಕೆ ಹೊದಿಸುವ ಬಟ್ಟೆ. ಚಳಿಗಾಲದ ರಾತ್ರಿ; ಗುಡಿಸಲಿನ ಮುಂದೆ ಘೀಸು, ಅವನ ಮಗ ಮಾಧವ ಕುಳಿತಿದ್ದಾರೆ. ಒಳಗೆ ಮಾಧವನ ಹೆಂಡತಿ ಬುಧಿಯಾ ಹೆರಿಗೆಯ ನೋವಿನಿಂದ ಹೊರಳಾಡುತ್ತಿದ್ದಾಳೆ. ಯಾರದೋ ಹೊಲದಿಂದ ಕದ್ದು ತಂದ ಆಲೂಗಡ್ಡೆಗಳನ್ನು ತಂದೆ ಮಗ ಬೂದಿಯಲ್ಲಿ ಸುಟ್ಟು, ಬಿಸಿಯಾರುವ ಮೊದಲೇ ನುಂಗುತ್ತಿದ್ದಾರೆ. ಒಳಗೆ ಹೋಗಿ ನೋಡಲು ಮಾಧವನಿಗೆ ಮನಸ್ಸಿಲ್ಲ. ತಾನು ಎದ್ದರೆ ಹೆಚ್ಚಿನ ಪಾಲನ್ನು ಅಪ್ಪನೇ ತಿಂದುಬಿಟ್ಟಾನೆಂಬ ಅಂಜಿಕೆ! ಹಿಟ್ಟು ಬೀಸಿ, ಹುಲ್ಲು ಕೊಯ್ದು ಈ ಇಬ್ಬರ ಹೊಟ್ಟೆ ಹೊರೆದವಳು ಅವಳೇ. ಬೆಳಗಾಗುವಷ್ಟರಲ್ಲಿ ಅವಳು ಸತ್ತಿರುತ್ತಾಳೆ.

ಇಷ್ಟನ್ನು ಓದುವಾಗ ನಮಗೆ ಸಿಟ್ಟು ಬರುತ್ತದೆ. ಸಿಟ್ಟೂ ಒಂದು ಬಗೆಯ ನೆಮ್ಮದಿಯೇ. ಇವರಂತಹ ನೀಚರು ನಾವಲ್ಲ ಎಂಬ ಸಮಾಧಾನ ಅದರಲ್ಲಿ ಅಡಗಿರುತ್ತದೆ. ಪ್ರೇಮಚಂದರು ಅದನ್ನೂ ಕಸಿದುಕೊಳ್ಳುತ್ತಾರೆ. ಹಗಲಿರುಳು ದುಡಿದವರ ಸ್ಥಿತಿಯೇ ಇವರಿಗಿಂತ ಹೆಚ್ಚು ಉತ್ತಮವಾಗಿರದ ಸಮಾಜದಲ್ಲಿ ಇಂತಹ ಮನೋಭಾವ ಹುಟ್ಟುವುದು ಅಚ್ಚರಿಯೇನಲ್ಲ ಎಂದು ಅವರು ನಡುವೆ ಒಂದು ಮಾತು ಹೇಳಿ ಮುಂದೆ ಸಾಗುತ್ತಾರೆ.

ಅಲ್ಲಿಂದ ಮುಂದೆ ಲೆಕ್ಕದ ಮಾತು. ಶವವಸ್ತ್ರಕ್ಕೆಂದು ಜಮೀನ್ದಾರ ಎರಡು ರೂಪಾಯಿ ಎಸೆಯುತ್ತಾನೆ. ಅವನೇ ಕೊಟ್ಟ ಮೇಲೆ ಊರಿನ ಸಾಹುಕಾರರು ಇಲ್ಲವೆನ್ನುವುದುಂಟೆ? ಎರಡಾಣೆ, ನಾಲ್ಕಾಣೆ ಕೂಡಿ, ಒಂದು ಗಂಟೆಯೊಳಗೆ ಐದು ರೂಪಾಯಿ ಸೇರುತ್ತದೆ. ಬದುಕಿದ್ದಾಗ ಮೈ ಮುಚ್ಚಲು ಚಿಂದಿಯೂ ದೊರೆಯದವಳಿಗೆ ಸತ್ತಮೇಲೆ ಹೊಸ ಬಟ್ಟೆ! ಈ ಹಣ ಮೊದಲೇ ಸಿಕ್ಕಿದ್ದರೆ ಔಷಧ ಕೊಡಿಸಬಹುದಾಗಿತ್ತಲ್ಲ ಎಂಬ ವಿವೇಕ ಹೊಳೆಯುವುದು ಯಾರಿಗೆ? ದಾನ ಮಾಡಿದವರಿಗಲ್ಲ, ಆ ಸೋಮಾರಿಗಳಿಗೆ. ಹಾಗೆ ಹೊಳೆದ ಮೇಲೂ ಅವರು ಹೆಂಡದಂಗಡಿಗೆ ಹೋಗಿ ಆ ಹಣದಿಂದ ಕುಡಿಯುತ್ತಾರೆ, ಹೊಟ್ಟೆ ತುಂಬ ಪೂರಿ ತಿನ್ನುತ್ತಾರೆ. ಉಳಿದುದನ್ನು ಭಿಕ್ಷುಕನೊಬ್ಬನಿಗೆ ನೀಡಿ, ಕೊಡುವವರ ಹೆಮ್ಮೆಯನ್ನು ಜೀವನದಲ್ಲಿ ಮೊದಲ ಬಾರಿಗೆ ಅನುಭವಿಸುತ್ತಾರೆ. ಇಲ್ಲಿ ನಗಬೇಕೋ ಹೇಸಬೇಕೋ ತಿಳಿಯುವುದಿಲ್ಲ. ನಾನು ಈ ಕಥೆಯನ್ನು ಎಷ್ಟೋ ಸಲ ಓದಿದ್ದೇನೆ. ಈ ಎಡೆಯಲ್ಲಿ ಪ್ರತಿ ಸಲವೂ ತಡವರಿಸುತ್ತೇನೆ.

ಈ ಕಥೆಯ ಬಗ್ಗೆ ಇನ್ನೊಂದು ಆಕ್ಷೇಪವಿದೆ. ಅದು ಹಿರಿಯರ ಆಕ್ಷೇಪಕ್ಕಿಂತ ತೂಕದ್ದು. ಘೀಸು, ಮಾಧವರು ಚರ್ಮಕಾರ ಜಾತಿಯವರೆಂದು ಕಥೆ ಹೇಳುತ್ತದೆ. ಹೊಟ್ಟೆಗಿಲ್ಲದ ದಲಿತರನ್ನು ಹೃದಯವೂ ಇಲ್ಲದವರೆಂದು ಚಿತ್ರಿಸಿದುದು ಅನ್ಯಾಯವೆಂದು ಹಿಂದಿಯ ಕೆಲವು ದಲಿತ ಲೇಖಕರು ವಾದಿಸಿದ್ದಾರೆ. ಇದನ್ನು ನಾನು ತಳ್ಳಿಹಾಕಲಾರೆ. ಇಂತಹ ಕಥೆ ನೆಮ್ಮದಿಗೆಡಿಸಬೇಕಾದುದು ಉಂಡು ಮಲಗಿದವರನ್ನು. ಹಸಿದವರೇ ಅದರಿಂದ ನೊಂದರೆ ಬಾಣ ಗುರಿ ತಪ್ಪಿತೆಂದೇ ಅರ್ಥ. ಆದರೂ ಪುಸ್ತಕವನ್ನು ಮುಚ್ಚಿಡುವುದರಿಂದ ಆ ನೋವು ಶಮನವಾಗದು. ಕಥೆಯನ್ನೂ ಓದಬೇಕು, ನೊಂದವರ ಮಾತನ್ನೂ ಓದಬೇಕು. ಎರಡನ್ನೂ ಎದುರಿಗಿಟ್ಟುಕೊಂಡು ಜಗಳವಾಡುವಷ್ಟು ಬುದ್ಧಿ ಒಂಬತ್ತನೆಯ ತರಗತಿಯವರಿಗೆ ಇಲ್ಲವೆನ್ನುವವರು ನಿಮ್ಮನ್ನು ಅರಿತವರಲ್ಲ.

ಕಥೆಯನ್ನು ಓದುವಾಗ ಬುಧಿಯಾಳನ್ನು ಗಮನಿಸಿ. ಅವಳ ನರಳಾಟ ಕೇಳಿಬರುತ್ತದೆಯೇ ಹೊರತು, ಅವಳು ಒಂದು ಮಾತನ್ನೂ ಆಡುವುದಿಲ್ಲ. ತಂದೆ ಮಗ ಕುಡಿದು, ಹಾಡಿ, ಕುಣಿದು ಹೆಂಡದಂಗಡಿಯಲ್ಲೇ ಉರುಳಿಬೀಳುವಲ್ಲಿಗೆ ಕಥೆ ಮುಗಿಯುತ್ತದೆ. ಅವಳ ಹೆಣವಿರುವ ಗುಡಿಸಲಿಗೆ ಅದು ಮತ್ತೆ ಹಿಂದಿರುಗುವುದೇ ಇಲ್ಲ.