ಎದೆನೋವೂ ಹತ್ತಿರದ ಆಸ್ಪತ್ರೆಯೂ

ಮರಳವಾಡಿಯ ವೃದ್ಧ ರೈತನೊಬ್ಬನಿಗೆ ನಸುಕಿನಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿರುವಾಗಲೇ ಎದೆ ಹಿಂಡಿದಂತಾಗಿ, ಮೈ ಬೆವರಿ, ನೋವು ಎಡತೋಳಿಗೂ ಹರಡಿತೆಂದು ಭಾವಿಸೋಣ. ಮನೆಯವರು ವಾಯುವೆಂದು ಬಗೆದು ಜೀರಿಗೆ ಕಷಾಯ ಕೊಡುತ್ತಾರೆ. ನೋವು ತಗ್ಗದಿದ್ದಾಗ ಬೆಂಗಳೂರಿನ ಮಗನಿಗೆ ಸುದ್ದಿ ಹೋಗುತ್ತದೆ. "ಅಲ್ಲೆಲ್ಲೂ ತೋರಿಸಬೇಡಿ, ಕಾರು ಮಾಡಿಕೊಂಡು ನೇರವಾಗಿ ಇಲ್ಲಿಗೇ ಕರೆತನ್ನಿ" ಎನ್ನುತ್ತಾನೆ ಮಗ. ಅದು ಪ್ರೀತಿಯ ಮಾತೇ ಸರಿ, ವಿವೇಕದ ಮಾತಲ್ಲ.

ಹೃದಯಕ್ಕೆ ರಕ್ತವೊಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿದರೆ, ಅದರಾಚೆಯ ಮಾಂಸಖಂಡವು ನಿಮಿಷ ನಿಮಿಷಕ್ಕೂ ನಶಿಸತೊಡಗುತ್ತದೆ. ಬಲೂನಿನಿಂದ ನಾಳವನ್ನು ತೆರೆಯುವುದೇ ಶ್ರೇಷ್ಠ ಚಿಕಿತ್ಸೆ. ಆದರೆ ರೋಗ ಖಚಿತವಾದ 2 ಗಂಟೆಗಳೊಳಗೆ ಅದು ದೊರೆಯುವಂತಿಲ್ಲವಾದರೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಮೀಪದಲ್ಲಿಯೇ ಕೊಟ್ಟು, ಅನಂತರ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕೆಂಬುದು ತಜ್ಞರ ಮತ. ನೋವು ತೊಡಗಿದ ಮೊದಲ 3 ಗಂಟೆಗಳಲ್ಲಿ ಈ ಮದ್ದಿನ ಗುಣ ಹೆಚ್ಚು. 12 ಗಂಟೆಗಳು ಕಳೆದ ಮೇಲೆ ಅತ್ಯಲ್ಪ. ಇತ್ತೀಚೆಗೆ ರಕ್ತಸ್ರಾವವೋ ಮಿದುಳಿನ ಆಘಾತವೋ ಆದವರಿಗೆ ಅದು ಅಪಾಯಕರವಾದುದರಿಂದ ವೈದ್ಯರೇ ನಿರ್ಧರಿಸಬೇಕು.

ಚಿತ್ರನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, ತಮ್ಮ 46ನೆಯ ವಯಸ್ಸಿನಲ್ಲಿ, ಹೃದಯದ ಬೇನೆಯಿಂದ ಹಠಾತ್ತನೆ ತೀರಿಕೊಂಡರು. ಅವರ ಹೆಸರಿನ 'ಹೃದಯ ಜ್ಯೋತಿ' ಯೋಜನೆಯನ್ನು ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವ ಸಂಸ್ಥೆಯಂಥ ಕೇಂದ್ರದ ತಜ್ಞರು ದೂರದಿಂದಲೇ ಪರಿಶೀಲಿಸುತ್ತಾರೆ. ಬೇಕಾದವರಿಗೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದು ಅಲ್ಲಿಯೇ ಉಚಿತವಾಗಿ ದೊರೆಯುತ್ತದೆ. ತಜ್ಞನಿಲ್ಲದ ಊರಿಗೆ ತಜ್ಞನ ಕಣ್ಣು ತಲುಪುವ ಉಪಾಯವಿದು.

ಅಗ್ಗದ ಮದ್ದನ್ನೂ ಕಡೆಗಣಿಸುವಂತಿಲ್ಲ. ಸುಮಾರು 17,000 ರೋಗಿಗಳ ಮೇಲೆ ನಡೆದು 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೇವಲ ಆಸ್ಪಿರಿನ್ ಗುಳಿಗೆ 5 ವಾರಗಳೊಳಗಿನ ಸಾವುಗಳನ್ನು ಶೇಕಡ 23ರಷ್ಟು ತಗ್ಗಿಸಿತು. ಅದು ಒಗ್ಗದವರನ್ನೂ ರಕ್ತಸ್ರಾವವಿರುವವರನ್ನೂ ಬಿಟ್ಟು ಉಳಿದವರಿಗೆ, ವೈದ್ಯರ ಸಲಹೆಯಂತೆ, ಸುಮಾರು 300 ಮಿಲಿಗ್ರಾಂ ಗುಳಿಗೆಯನ್ನು ಅಗಿಯಲು ಕೊಡುವುದು ರೂಢಿ.

ಹಾಗಾದರೆ ಮಗ ಹೇಳಬೇಕಾದುದೇನು? "ಅಪ್ಪನನ್ನು ನಡೆಸಬೇಡಿ. 108ಕ್ಕೆ ಕರೆಮಾಡಿ. ಇ.ಸಿ.ಜಿ. ತೆಗೆಯುವ ಹತ್ತಿರದ ಆಸ್ಪತ್ರೆಗೆ ಮೊದಲು ಕರೆದೊಯ್ಯಿರಿ. ನಾನು ಅಲ್ಲಿಗೇ ಬರುತ್ತೇನೆ." ಆ ಆಸ್ಪತ್ರೆ ಯಾವುದು, ಚುಚ್ಚುಮದ್ದು ರಾತ್ರಿಯೂ ಸಿಗುವುದೇ ಎಂಬುದನ್ನು ನೋವು ಬಂದ ಮೇಲೆ ವಿಚಾರಿಸಹೊರಟರೆ ಹೊತ್ತು ಮೀರಿರುತ್ತದೆ. ಹಬ್ಬಕ್ಕೆ ಊರಿಗೆ ಹೋದಾಗಲೇ ಕೇಳಿ ತಿಳಿದು, ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟು ಬರುವುದು ಲೇಸು.