ಮ್ಯೂಸಿಯಂನಲ್ಲಿ ಸಿನಿಮಾ ಯಾಕಿರಬಾರದು?

ಅಕ್ಕ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಎಂಎಸ್ ಓದುತ್ತಿದ್ದಾಳೆ. ಕೆಲವೊಮ್ಮೆ ರಜೆ ದಿನ ಫೋನ್ ಮಾಡಿದರೆ ಕಟ್ ಮಾಡುತ್ತಾಳೆ. ‘ಮ್ಯೂಸಿಯಂನಲ್ಲಿ ಸಿನಿಮಾ ನೋಡ್ತಿದ್ದೆ ಕಣೋ’ ಅಂತ ಆಮೇಲೆ ಮೆಸೇಜ್ ಬರುತ್ತದೆ. ಮ್ಯೂಸಿಯಂನಲ್ಲಿ ಸಿನಿಮಾನಾ? ನನಗೆ ಗೊತ್ತಿದ್ದ ಮ್ಯೂಸಿಯಂ ಅಂದರೆ ಶಾಲೆಯ ಟೂರ್‌ನಲ್ಲಿ ಸಾಲಾಗಿ ಒಳಗೆ ಹೋಗಿ, ‘ಮುಟ್ಟಬೇಡಿ’ ಬೋರ್ಡ್ ಓದಿಕೊಂಡು ಹದಿನೈದು ನಿಮಿಷಕ್ಕೆ ಹೊರಬರುವ ಜಾಗ.

ಅವಳು ಹೋಗುವುದು ವಾಷಿಂಗ್ಟನ್‌ನ ಫ್ರೀಯರ್ ಗ್ಯಾಲರಿಗೆ. ರೈಲು ಬೋಗಿ ತಯಾರಿಸಿ ದುಡ್ಡು ಮಾಡಿದ ಚಾರ್ಲ್ಸ್ ಲ್ಯಾಂಗ್ ಫ್ರೀಯರ್ ಎಂಬಾತ ಕೂಡಿಟ್ಟ ಕಲಾಕೃತಿಗಳಿಗಾಗಿ 1923ರಲ್ಲಿ ತೆರೆದ ಮ್ಯೂಸಿಯಂ ಅದು. (ಮೆಕ್ಯಾನಿಕಲ್ ಬ್ರಾಂಚಿನ ಗೆಳೆಯರು ಗಮನಿಸಿ!) ಅದರೊಳಗೆ ಮೇಯರ್ ಆಡಿಟೋರಿಯಂ ಅಂತ ಸುಮಾರು 300 ಸೀಟಿನ ಸಭಾಂಗಣವಿದೆ. ಅಲ್ಲಿ ಇರಾನಿನ, ಹಾಂಕಾಂಗಿನ ಚಿತ್ರೋತ್ಸವ, ಏಷ್ಯಾದ ನಾನಾ ದೇಶಗಳ ಸಂಗೀತ, ನೃತ್ಯ ನಡೆಯುತ್ತವೆ. ಮ್ಯೂಸಿಯಂಗೂ ಟಿಕೆಟ್ ಇಲ್ಲ, ಸಿನಿಮಾಕ್ಕೂ ಇಲ್ಲ. ಪಾರ್ಟ್‌ಟೈಮ್ ಕೆಲಸ ಮಾಡಿ ಬಾಡಿಗೆ ಕಟ್ಟುವ ನನ್ನ ಅಕ್ಕನಂಥವರಿಗೆ ಇದಕ್ಕಿಂತ ಇನ್ನೇನು ಬೇಕು?

ನನಗೆ ಹಿಡಿಸಿದ್ದು ಮಾತ್ರ ಬೇರೆ ವಿಷಯ. ಆ ಸಂಗ್ರಹದಲ್ಲಿ ಹದಿನಾರನೇ ಶತಮಾನದ ಪರ್ಷಿಯನ್ ಚಿತ್ರಗಳಿರುವ ‘ಹಫ್ತ್ ಔರಂಗ್’ ಹಸ್ತಪ್ರತಿಯಿದೆ, ಚೋಳರ ಕಾಲದ ಕಂಚಿನ ಪಾರ್ವತಿಯಿದ್ದಾಳೆ. ಬರೀ ಗಾಜಿನಾಚೆ ನೋಡಿದರೆ ಇವೆಲ್ಲ ಸತ್ತುಹೋದ ಲೋಕದ ವಸ್ತುಗಳಂತೆ ಕಾಣುತ್ತವೆ. ಅದೇ ಕಟ್ಟಡದಲ್ಲಿ ಇಂದಿನ ಇರಾನಿನ ಮಕ್ಕಳು ತೆರೆಯ ಮೇಲೆ ಓಡಾಡಿದರೆ, ಆ ಚಿತ್ರ ಬರೆದವರ ಊರಿನಲ್ಲಿ ಈಗಲೂ ಜನ ಬದುಕಿದ್ದಾರೆ ಅಂತ ನೆನಪಾಗುತ್ತದೆ. (ನಮ್ಮ ಕಡೆಯ ಪಾರ್ವತಿ ಅಷ್ಟು ದೂರ ಯಾಕೆ ಹೋಗಿ ಕೂತಳು ಅನ್ನುವುದು ಇನ್ನೊಂದು ಜಗಳ, ಇಲ್ಲಿ ಬೇಡ.)

ಅಕ್ಕನ ಮಾತು ಕೇಳಿ ಇರಾನಿನ ಅಬ್ಬಾಸ್ ಕಿಯಾರೊಸ್ತಮಿಯ 1987ರ ‘ವೇರ್ ಈಸ್ ದಿ ಫ್ರೆಂಡ್ಸ್ ಹೌಸ್?’ ಸಿನಿಮಾವನ್ನು ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್‌ನಲ್ಲಿ ನೋಡಿದೆ. ಗೆಳೆಯನ ನೋಟ್‌ಬುಕ್ ತಪ್ಪಿ ತನ್ನ ಬ್ಯಾಗಿಗೆ ಬಂದಿದ್ದಕ್ಕೆ ಒಬ್ಬ ಹುಡುಗ ಪಕ್ಕದ ಹಳ್ಳಿಗೆ ಓಡುತ್ತಾನೆ. ಅಷ್ಟೇ ಕಥೆ. ಗೆಳೆಯನ ಲ್ಯಾಬ್ ರೆಕಾರ್ಡ್ ಕಳೆದುಹಾಕಿ ನಿದ್ದೆಗೆಟ್ಟವರಿಗೆ ಅದರ ಗಾಬರಿ ಗೊತ್ತು. ಮುಗಿದಾಗ ಯಾರ ಜೊತೆಗಾದರೂ ಮಾತಾಡಬೇಕು ಅನಿಸಿತು. ರೂಮ್‌ಮೇಟ್ ಆಪ್ಟಿಟ್ಯೂಡ್ ಟೆಸ್ಟಿಗೆ ಓದುತ್ತಿದ್ದ. ಇಯರ್‌ಫೋನ್ ತೆಗೆದು ಮಲಗಿದೆ.

ಸಿನಿಮಾ ಮೊಬೈಲ್‌ನಲ್ಲೇ ಸಿಗುತ್ತದಲ್ಲ, ಹಾಲ್ ಯಾಕೆ ಅನ್ನುವವರಿಗೆ ಇದೇ ನನ್ನ ಉತ್ತರ.

ಇದಕ್ಕೆಲ್ಲ ಅಮೆರಿಕವೇ ಆಗಬೇಕೆಂದಿಲ್ಲ. ಹೆಗ್ಗೋಡಿನಲ್ಲಿ ನೀನಾಸಮ್ 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿತ್ತು. ನನ್ನ ಕಾಲೇಜಿರುವ ಊರಿನ ಮ್ಯೂಸಿಯಂನಲ್ಲೂ ಒಳ್ಳೆಯ ಸಭಾಂಗಣವಿದೆ. ಆದರೆ ನಾನು ಅದರ ಬಾಗಿಲು ತೆರೆದದ್ದನ್ನು ನೋಡಿದ್ದು ಎರಡೇ ಸಲ, ಎರಡೂ ಬಾಡಿಗೆ ಕಾರ್ಯಕ್ರಮ. ತಿಂಗಳಿಗೆ ಒಂದು ಸಂಜೆ ಬಿಟ್ಟುಕೊಟ್ಟರೆ ಜಪಾನಿನದೋ ಇರಾನಿನದೋ ಒಂದು ಸಿನಿಮಾ, ಇಲ್ಲವೇ ಒಂದು ಯಕ್ಷಗಾನ ಪ್ರಸಂಗ ನೋಡಬಹುದು. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಇದೆಲ್ಲ ಬೇಕಾ ಅಂತ ಗೆಳೆಯರು ಕೇಳುತ್ತಾರೆ. ಸೀಸನ್‌ನಲ್ಲೇ ಹೆಚ್ಚು ಬೇಕು ಅಂತ ನನಗನಿಸುತ್ತದೆ.

ಹೋದ ತಿಂಗಳು ನಾವು ನಾಲ್ವರು ಅಲ್ಲಿಗೆ ಹೋಗಿ ಕೇಳಿದೆವು. ಕಚೇರಿಯವರು ಬೈಯಲಿಲ್ಲ, ‘ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಅರ್ಜಿ ಕೊಡಿ, ನೋಡೋಣ’ ಅಂದರು. ಅರ್ಜಿ ಈಗ ಎಚ್‌ಒಡಿ ಸರ್ ಟೇಬಲ್ ಮೇಲಿದೆ. ಇಂಟರ್ನಲ್ಸ್ ಮುಗಿಯಲಿ ಅಂದಿದ್ದಾರೆ.