ಸೂಳೆಕೆರೆಯ ಸುತ್ತಳತೆಯೂ ನಡಿಗೆಯ ಉತ್ಸವವೂ

ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ಸಮೀಪದ ವೈಟ್ ದ್ವೀಪದಲ್ಲಿ ನಡಿಗೆಯ ಉತ್ಸವವೊಂದು ನಡೆದುಬಂದಿದೆ. ಅಲ್ಲಿ ತೇರಿಲ್ಲ, ಪಲ್ಲಕ್ಕಿಯಿಲ್ಲ, ನಡಿಗೆಯೇ ಉತ್ಸವ. ಸ್ಥಳವನ್ನು ಬಲ್ಲವನೊಬ್ಬನು ಮುಂದೆ ನಡೆಯುವನು. ಬಂದವರು ಅವನನ್ನು ಹಿಂಬಾಲಿಸಿ ದ್ವೀಪದ ದಡವನ್ನೂ ಬಯಲನ್ನೂ ಕಾಲಿನಿಂದಲೇ ಅರಿಯುವರು. ಇಂತಹುದು ಚನ್ನಗಿರಿಯ ಸೂಳೆಕೆರೆಗೂ ಬೇಕೆಂದರೆ ನಗುವವರುಂಟು.

ನಡೆಯುವುದಕ್ಕೂ ಉತ್ಸವವೇ, ದಿನವೂ ಹೊಲಕ್ಕೆ ನಡೆಯುವ ರೈತನಿಗೆ ಇದೇತಕ್ಕೆ ಎಂಬುದು ಅವರ ಮೊದಲನೆಯ ಮಾತು. ರೈತನಿಗೆ ಬೇಡ, ನಿಜ. ಬೇಕಾಗಿರುವುದು ಮೋಟಾರಿನಲ್ಲಿ ಏರಿಯವರೆಗೆ ಬಂದು, ನೀರನ್ನೊಮ್ಮೆ ನೋಡಿ, ಚಿತ್ರವೊಂದನ್ನು ತೆಗೆದುಕೊಂಡು ಹಿಂದಿರುಗುವ ವಿದ್ಯಾವಂತನಿಗೆ. ಅವನು ಕೆರೆಯನ್ನು ಎಷ್ಟು ಬಲ್ಲನೆಂಬುದಕ್ಕೆ ಒಂದೇ ನಿದರ್ಶನ ಸಾಕು. 1897ರ ಮೈಸೂರು ಗ್ಯಾಸೆಟಿಯರಿನಲ್ಲಿ ರೈಸ್ ಸಾಹೇಬರು ಈ ಕೆರೆಯ ಸುತ್ತಳತೆಯನ್ನು 40 ಮೈಲಿಯೆಂದು ಬರೆದರು. ಈಚಿನ ಬರಹಗಳು ಸುಮಾರು 30 ಕಿಲೋಮೀಟರು, ಎಂದರೆ 19 ಮೈಲಿಗೂ ಕಡಮೆ, ಎನ್ನುತ್ತವೆ. ಒಂದು ಲೆಕ್ಕವು ಮತ್ತೊಂದರ ಇಮ್ಮಡಿಗೂ ಮಿಗಿಲು! ಮಳೆಗಾಲದಲ್ಲಿ ನೀರು ಹಬ್ಬುವುದು, ಬೇಸಗೆಯಲ್ಲಿ ಹಿಂಜರಿಯುವುದು ದಿಟ. ಆದರೂ ಎರಡು ಮಾತುಗಳನ್ನೂ ಓದಿ ಒಪ್ಪಿಸುವವರೇ ಹೊರತು ಸುತ್ತಿ ನೋಡಿದವರು ವಿರಳ.

ಕಣ್ಣಿದ್ದವನಿಗೆ ಮಾರ್ಗದರ್ಶಕನೇತಕ್ಕೆ ಎಂಬುದು ಎರಡನೆಯ ಆಕ್ಷೇಪ. ಎರಡು ಗುಡ್ಡಗಳ ನಡುವಣ ಆ ಗಿಡ್ಡ ಏರಿ ಇಷ್ಟು ದೊಡ್ಡ ಜಲರಾಶಿಯನ್ನು ಹೇಗೆ ತಡೆದಿದೆ, ಸಿದ್ಧನಾಲೆ ಬಸವನಾಲೆಗಳು ಯಾವ ಗದ್ದೆಗೆ ಎಂದು ನೀರುಣಿಸುತ್ತವೆ, ಹರಿದ್ರೆಯು ಇಲ್ಲಿಂದ ಹೊರಟು ಹರಿಹರದ ಬಳಿ ತುಂಗಭದ್ರೆಯನ್ನು ಸೇರುವ ದಾರಿ ಯಾವುದು—ಇವನ್ನು ಕಣ್ಣು ತಾನಾಗಿ ಹೇಳದು. ಹೇಳಬಲ್ಲವನು ನೀರುಗಂಟಿ, ಮೀನುಗಾರ, ಕುರುಬ. ಶಾಂತವ್ವೆಯ ಕಥೆಯನ್ನು ಬಾಯಿಪಾಠ ಮಾಡಿದವನನ್ನಲ್ಲ, ಇಂಥವರನ್ನು ಮುಂದಿಟ್ಟು, ತಕ್ಕ ಸಂಭಾವನೆಯಿತ್ತು ನಡೆಯಬೇಕು. ವೇದಿಕೆ, ಹಾರತುರಾಯಿ, ಭಾಷಣಗಳಿಗೆ ತಿರುಗಿದರೆ ಅದು ನಡಿಗೆಯಲ್ಲ, ಮತ್ತೊಂದು ಸಭೆ.

ಇದು ಪರದೇಶದ ಚಾಳಿಯೆಂದು ಮೂಗು ಮುರಿಯುವವರಿಗೆ, ಪ್ರದಕ್ಷಿಣೆಯೆಂಬ ಶಬ್ದವು ಯಾವ ದೇಶದ್ದೆಂದು ಕೇಳಿದರೆ ಸಾಕು. ಗುಡಿಯನ್ನು ಸುತ್ತುವ ಜನ ಅನ್ನವಿಕ್ಕುವ ಕೆರೆಯನ್ನು ಸುತ್ತಲಾರರೆ?

ಇದು ಬರಿಯ ವಿನೋದದ ವಿಷಯವಲ್ಲ. ಯಾರೂ ನಡೆಯದ ಅಂಚು ಯಾರ ನೆನಪಿನಲ್ಲಿಯೂ ಉಳಿಯದು. ನೆನಪಿಲ್ಲದ ಅಂಚಿನ ಮೇಲೆ ನೇಗಿಲು ಹರಿದರೆ ಕೇಳುವವರಾರು? ಹೂಳು ಎಲ್ಲಿ ತುಂಬಿತು, ಬದು ಎಲ್ಲಿ ಸರಿಯಿತು ಎಂಬುದಕ್ಕೆ ವರ್ಷಕ್ಕೊಮ್ಮೆ ಸುತ್ತಿದ ನೂರು ಜನರು ನೂರು ಸಾಕ್ಷಿಗಳು.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಕೂಡಿದುವು. ಕಾಗದದಲ್ಲಿ ಕೂಡಿದ ಸೀಮೆಗಳನ್ನು ಕಾಲುಗಳೂ ಕೂಡಿಸಲಿ. ಮೊದಲು ಸೂಳೆಕೆರೆಯನ್ನು ಸುತ್ತಿದವರು ಬಳಿಕ ಹೊನ್ನಾಳಿಯ ಹೊಳೆದಡವನ್ನೂ ನ್ಯಾಮತಿ ಸೀಮೆಯ ತೀರ್ಥರಾಮೇಶ್ವರದ ಬೆಟ್ಟವನ್ನೂ, ಅರಣ್ಯದವರ ಅಪ್ಪಣೆ ಪಡೆದು ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿಯ ಕಾಡನ್ನೂ ನಡೆದು ನೋಡಲಿ. ಆಗ ನಗುವವರು ನಗಲಿ. ಕೆರೆಯ ಅಳತೆಯನ್ನು ಮಾತ್ರ ನಡೆದವರನ್ನೇ ಕೇಳಬೇಕಾದೀತು.